ಮಕ್ಕಳ ಬೆನ್ನೆಲುಬಿನ ಪಾರ್ಶ್ವವಕ್ರತೆ: ಶಸ್ತ್ರಚಿಕಿತ್ಸೆಯ ನಿರ್ಣಯವನ್ನು ಕುರಿತು

ಬೆಳೆಯುವ ಮಗುವಿನ ಬೆನ್ನೆಲುಬು ಪಕ್ಕಕ್ಕೆ ಬಾಗಿದೆಯೆಂದು ತಿಳಿದುಬಂದಾಗ ತಂದೆತಾಯಿಗಳು ವೈದ್ಯರನ್ನು ಕೇಳುವ ಮೊದಲ ಪ್ರಶ್ನೆ ಶಸ್ತ್ರಚಿಕಿತ್ಸೆ ಬೇಕೆ ಬೇಡವೆ ಎಂಬುದು. ಅವರಿಗೆ ದೊರೆಯುವ ಉತ್ತರ ಬಹುಮಟ್ಟಿಗೆ ಒಂದು ಸಂಖ್ಯೆಯ ರೂಪದಲ್ಲಿರುತ್ತದೆ. ಬಾಗು ೫೦ ಡಿಗ್ರಿಗಳನ್ನು ಮುಟ್ಟಿದ್ದರೆ ಶಸ್ತ್ರಚಿಕಿತ್ಸೆ. ಮುಟ್ಟದಿದ್ದರೆ ಕಾದು ನೋಡುವುದು. ಈ ಉತ್ತರ ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಈ ಸಂಖ್ಯೆ ಎಲ್ಲಿಂದ ಬಂದಿತು, ಅದಕ್ಕೆ ಆಧಾರವಾದ ಅವಲೋಕನಗಳಾವುವು, ಯಾವ ಮಕ್ಕಳ ವಿಷಯದಲ್ಲಿ ಅದನ್ನು ಅನ್ವಯಿಸಬಾರದು ಎಂಬುದನ್ನು ಅರಿಯದೆ ಅದನ್ನು ಬಳಸಿದರೆ, ಕೆಲವು ಮಕ್ಕಳಿಗೆ ಬೇಡದ ಶಸ್ತ್ರಚಿಕಿತ್ಸೆಯೂ ಮತ್ತೆ ಕೆಲವರಿಗೆ ಕಾಲ ಮೀರಿದ ಶಸ್ತ್ರಚಿಕಿತ್ಸೆಯೂ ಆಗುವ ಸಂಭವವುಂಟು. ಮಗುವಿನಲ್ಲಿ ಇಂದಿನ ಬಾಗಿನ ಅಳತೆ ಪ್ರಶ್ನೆಯ ಅರ್ಧಭಾಗ ಮಾತ್ರ. ಇನ್ನೆಷ್ಟು ಬೆಳವಣಿಗೆ ಉಳಿದಿದೆ ಎಂಬುದು ಮಿಕ್ಕ ಅರ್ಧ. ಈ ಬೆಳವಣಿಗೆಯೇ ಹದಿಹರೆಯದಲ್ಲಿ ಬಾಗನ್ನು ಹೆಚ್ಚಿಸುವ ಶಕ್ತಿ. ಎಳೆಯ ವಯಸ್ಸಿನಲ್ಲಿ ಅದೇ ಕಾಪಾಡಿಕೊಳ್ಳಬೇಕಾದ ಆಸ್ತಿ. ಪ್ರಸ್ತುತ ಲೇಖನದಲ್ಲಿ ಈ ಎರಡು ಮುಖಗಳನ್ನು ವಿವೇಚಿಸಲು ಉದ್ದೇಶಿಸಿದ್ದೇವೆ.

ಮೊದಲು ವ್ಯಾಧಿಯ ಸ್ವರೂಪವನ್ನು ಸಂಕ್ಷೇಪವಾಗಿ ಹೇಳಬೇಕು. ನಮ್ಮ ಆಡುನುಡಿಯ ‘ಗೂನು’ ಎಂಬ ಮಾತು ಮುಂದಕ್ಕೆ ಬಗ್ಗಿದ ಬೆನ್ನನ್ನೂ ಪಕ್ಕಕ್ಕೆ ಬಾಗಿದ ಬೆನ್ನನ್ನೂ ಒಂದೇ ಎಂದು ಎಣಿಸುತ್ತದೆ. ಶಾಸ್ತ್ರದೃಷ್ಟಿಯಿಂದ ಇವೆರಡೂ ಬೇರೆ. ಕ್ಷಯರೋಗದಿಂದ ಕಶೇರುಮಣಿ ಕುಸಿದಾಗ ಉಂಟಾಗುವುದು ಮುಖ್ಯವಾಗಿ ಮೊದಲನೆಯ ಬಗೆಯದು. ಇಲ್ಲಿ ನಾವು ಚರ್ಚಿಸುತ್ತಿರುವ ಸ್ಕೋಲಿಯೋಸಿಸ್ ಅಥವಾ ಪಾರ್ಶ್ವವಕ್ರತೆಯಲ್ಲಿ ಬೆನ್ನೆಲುಬು ಪಕ್ಕಕ್ಕೆ ಬಾಗುವುದರೊಡನೆ ತನ್ನ ಅಕ್ಷದ ಸುತ್ತ ತಿರುಚಿಕೊಳ್ಳುತ್ತದೆ. ತಿರುಚಿದ ಕಶೇರುಮಣಿಗಳೊಡನೆ ಪಕ್ಕೆಲುಬುಗಳೂ ತಿರುಗುವುದರಿಂದ ಬೆನ್ನಿನ ಒಂದು ಪಕ್ಕ ಉಬ್ಬುತ್ತದೆ. ಮಗುವನ್ನು ಮೊಣಕಾಲು ಮಡಿಸದೆ ಮುಂದಕ್ಕೆ ಬಗ್ಗಲು ಹೇಳಿ ನೋಡಿದರೆ ಈ ಉಬ್ಬು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲೆಂಡಿನ ವಿಲಿಯಂ ಆಡಮ್ಸ್ ೧೮೬೫ರಲ್ಲಿ ವರ್ಣಿಸಿದ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ. ನಮ್ಮಲ್ಲಿ ಅನೇಕವೇಳೆ ಇದನ್ನು ಮೊದಲು ಕಾಣುವವರು ಎಣ್ಣೆಯೊತ್ತಿ ನೀರೆರೆಯುವ ತಾಯಿ, ಇಲ್ಲವೆ ಅಳತೆ ತೆಗೆಯುವ ದರ್ಜಿ. ಭಾರವಾದ ಪುಸ್ತಕದ ಚೀಲ ಹೊರುವುದರಿಂದಾಗಲಿ ಸೊಟ್ಟಗೆ ಕೂರುವುದರಿಂದಾಗಲಿ ಈ ವ್ಯಾಧಿ ಉಂಟಾಗುವುದಿಲ್ಲ. ಆದುದರಿಂದ ತಂದೆತಾಯಿಗಳು ತಮ್ಮನ್ನಾಗಲಿ ಮಗುವನ್ನಾಗಲಿ ಹಳಿದುಕೊಳ್ಳಲು ಕಾರಣವಿಲ್ಲ.

ಹುಟ್ಟುವಾಗಲೇ ಕಶೇರುಮಣಿಗಳ ರಚನೆ ಕೆಟ್ಟಿರುವುದು ಒಂದು ವಿಧ. ಸೆರೆಬ್ರಲ್ ಪಾಲ್ಸಿ, ಡುಷೆನ್ ಸ್ನಾಯುಕ್ಷಯ, ಪೋಲಿಯೊ ಮೊದಲಾದ ನರ ಮತ್ತು ಸ್ನಾಯುಗಳ ರೋಗಗಳಿಂದ ಬರುವುದು ಇನ್ನೊಂದು ವಿಧ. ಇವಾವುವೂ ಇಲ್ಲದೆ, ಉಳಿದಂತೆ ಆರೋಗ್ಯವಂತರಾದ ಮಕ್ಕಳಲ್ಲಿ ಕಾರಣ ತಿಳಿಯದಂತೆ ಕಾಣಿಸಿಕೊಳ್ಳುವುದು ಮೂರನೆಯದು. ನೂರಕ್ಕೆ ಸುಮಾರು ಎಂಬತ್ತು ಮಂದಿ ಈ ಗುಂಪಿನವರು. ಇವರಲ್ಲಿಯೂ ಬಹುಮಂದಿಗೆ ಹತ್ತು ವರ್ಷ ದಾಟಿದ ಮೇಲೆ ಬಾಗು ತಲೆದೋರುತ್ತದೆ. ಹದಿಹರೆಯದ ನೂರು ಮಂದಿಯಲ್ಲಿ ಇಬ್ಬರು ಮೂವರಿಗೆ ೧೦ ಡಿಗ್ರಿಗಿಂತ ಹೆಚ್ಚಿನ ಬಾಗು ಇರುತ್ತದೆ. ಸಣ್ಣ ಬಾಗುಗಳು ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಸಮವಾಗಿವೆ. ದೊಡ್ಡ ಬಾಗುಗಳು ಹುಡುಗಿಯರಲ್ಲಿ ಹಲವು ಪಟ್ಟು ಹೆಚ್ಚು. ಒಟ್ಟಿನಲ್ಲಿ ಬಹುಪಾಲು ಮಕ್ಕಳಿಗೆ ಯಾವ ಚಿಕಿತ್ಸೆಯೂ ಬೇಕಾಗುವುದಿಲ್ಲ.

ಈ ವಿಂಗಡಣೆ ಕೇವಲ ಹೆಸರಿನದಲ್ಲ. ಸ್ವೀಡನ್ನಿನಲ್ಲಿ ೧೯೬೮ರಲ್ಲಿ ಪ್ರಕಟವಾದ ಎರಡು ಅಧ್ಯಯನಗಳು ಚಿಕಿತ್ಸೆಯಿಲ್ಲದ ಪಾರ್ಶ್ವವಕ್ರತೆ ಆಯುಸ್ಸನ್ನು ಕುಗ್ಗಿಸುತ್ತದೆಂದು ಹೇಳಿದುವು. ಆ ಮಾತು ಬಹಳ ಕಾಲ ಪಠ್ಯಪುಸ್ತಕಗಳಲ್ಲಿ ಉಳಿದು ಅನೇಕ ಕುಟುಂಬಗಳನ್ನು ಹೆದರಿಸಿತು. ಆದರೆ ಅವುಗಳಲ್ಲಿ ಪೋಲಿಯೊದಿಂದ ಬಂದ ಬಾಗು, ಶೈಶವದಲ್ಲಿ ಮೊದಲಾದ ಬಾಗು, ಹದಿಹರೆಯದ ಬಾಗು ಎಲ್ಲವೂ ಬೆರೆತಿದ್ದುವು. ಅದೇ ದೇಶದಲ್ಲಿ ೧೯೯೨ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಈ ಗುಂಪುಗಳನ್ನು ಬೇರ್ಪಡಿಸಿದಾಗ, ಎಳೆಯ ವಯಸ್ಸಿನಲ್ಲಿ ಮೊದಲಾದ ಬಾಗುಗಳಲ್ಲಿ ಮರಣಪ್ರಮಾಣ ಹೆಚ್ಚಾಗಿಯೂ ಹದಿಹರೆಯದಲ್ಲಿ ಮೊದಲಾದವುಗಳಲ್ಲಿ ಹೆಚ್ಚಿಲ್ಲದೆಯೂ ಇರುವುದು ಕಂಡುಬಂದಿತು. ಶಸ್ತ್ರಚಿಕಿತ್ಸೆಯ ಮಾತೆತ್ತುವ ಮೊದಲು ಮಗು ಯಾವ ಗುಂಪಿಗೆ ಸೇರಿದ್ದೆಂಬುದನ್ನು ನಿಶ್ಚಯಿಸಬೇಕೆಂಬುದಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಬೇಕಿಲ್ಲ.

ಇನ್ನು ಅಳತೆಯ ವಿಚಾರ. ಅಮೆರಿಕದ ಜಾನ್ ರಾಬರ್ಟ್ ಕಾಬ್ ೧೯೪೮ರಲ್ಲಿ ವಿವರಿಸಿದ ವಿಧಾನವೇ ಇಂದಿಗೂ ಬಳಕೆಯಲ್ಲಿದೆ. ನಿಂತ ಭಂಗಿಯಲ್ಲಿ ತೆಗೆದ ಎಕ್ಸ್-ಕಿರಣ ಚಿತ್ರದಲ್ಲಿ, ಬಾಗಿನ ಮೇಲ್ತುದಿಯಲ್ಲಿ ಅತ್ಯಂತ ಓರೆಯಾದ ಕಶೇರುಮಣಿಯ ಮೇಲಂಚಿಗೂ ಕೆಳತುದಿಯಲ್ಲಿ ಅತ್ಯಂತ ಓರೆಯಾದುದರ ಕೆಳಂಚಿಗೂ ಗೆರೆಯೆಳೆದು ಅವುಗಳ ನಡುವಣ ಕೋನವನ್ನು ಅಳೆಯುತ್ತಾರೆ. ವಿಧಾನ ಸರಳ. ಆದರೆ ಅದೇ ಚಿತ್ರವನ್ನು ಇಬ್ಬರು ಅಳೆದರೆ, ಅಥವಾ ಒಬ್ಬರೇ ಎರಡು ದಿನ ಅಳೆದರೆ, ಐದು ಡಿಗ್ರಿಗಳವರೆಗೆ ವ್ಯತ್ಯಾಸ ಬರುವುದು ಸಾಮಾನ್ಯ. ಹೀಗಿರುವುದರಿಂದ ಮಾರ್ಚಿಯಲ್ಲಿ ೪೭ ಇದ್ದುದು ಸೆಪ್ಟೆಂಬರಿನಲ್ಲಿ ೫೧ ಆಯಿತೆಂದರೆ ಬಾಗು ಹೆಚ್ಚಿತೆಂದು ಖಂಡಿತವಾಗಿ ಹೇಳಲಾಗದು. ಐವತ್ತರ ಗಡಿಯನ್ನು ದಾಟಿತೆಂಬ ಒಂದೇ ಕಾರಣಕ್ಕೆ ಶಸ್ತ್ರಚಿಕಿತ್ಸೆಯ ದಿನ ಗೊತ್ತುಮಾಡುವುದು ಅಳೆಯುವ ಪೆನ್ಸಿಲಿನ ದಪ್ಪಕ್ಕೆ ಮಗುವಿನ ಬೆನ್ನನ್ನು ಒಪ್ಪಿಸಿದಂತೆ. ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು, ಅವೇ ಕಶೇರುಮಣಿಗಳನ್ನು ಹಿಡಿದು, ಒಬ್ಬರೇ ಅಳೆಯುವುದು ಮೇಲು. ಪ್ರಸಂಗವಶಾತ್ ಇನ್ನೊಂದು ಮಾತು: ಈ ಚಿತ್ರಗಳನ್ನು ಕಿರಣಗಳು ಬೆನ್ನಿನ ಕಡೆಯಿಂದ ಹಾಯುವಂತೆ ತೆಗೆಯುವುದು ಉಚಿತ. ಹಿಂದಿನ ದಶಕಗಳಲ್ಲಿ ಅಮೆರಿಕದಲ್ಲಿ ಮೇಲಿಂದ ಮೇಲೆ ಚಿತ್ರ ತೆಗೆಸಿಕೊಂಡ ಹುಡುಗಿಯರಲ್ಲಿ ಮುಂದೆ ಸ್ತನದ ಅರ್ಬುದರೋಗದಿಂದಾದ ಮರಣಗಳು ಹೆಚ್ಚಾಗಿದ್ದುದನ್ನು ೨೦೦೦ದಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು.

ಬಾಗಿನ ಅಳತೆಯೊಂದಿಗೆ ಬೆಳವಣಿಗೆಯನ್ನು ಸೇರಿಸಿ ನೋಡಿದಾಗ ಚಿತ್ರವೇ ಬದಲಾಗುತ್ತದೆ. ಅಮೆರಿಕದ ಲಾನ್‌ಸ್ಟೈನ್ ಮತ್ತು ಕಾರ್ಲ್‌ಸನ್ ೧೯೮೪ರಲ್ಲಿ ೭೨೭ ಮಕ್ಕಳ ವೃತ್ತಾಂತವನ್ನು ಪ್ರಕಟಿಸಿದರು. ಮೂಳೆಗಳು ಇನ್ನೂ ಬಲಿಯದ, ೨೦ರಿಂದ ೨೯ ಡಿಗ್ರಿ ಬಾಗುಳ್ಳ ಮಕ್ಕಳಲ್ಲಿ ನೂರಕ್ಕೆ ೬೮ ಮಂದಿಯ ಬಾಗು ಮುಂದೆ ಹೆಚ್ಚಿತು. ಅಷ್ಟೇ ಬಾಗು ಇದ್ದು ಮೂಳೆಗಳು ಸಾಕಷ್ಟು ಬಲಿತಿದ್ದವರಲ್ಲಿ ಹೆಚ್ಚಿದುದು ನೂರಕ್ಕೆ ೨೩ ಮಂದಿಗೆ ಮಾತ್ರ. ೨೦ ಡಿಗ್ರಿಗಿಂತ ಕಡಿಮೆ ಬಾಗಿದ್ದು ಮೂಳೆ ಬಲಿತಿದ್ದವರಲ್ಲಿ ನೂರಕ್ಕೆ ಇಬ್ಬರಿಗೂ ಹೆಚ್ಚಲಿಲ್ಲ. ಒಂದೇ ಕೋನ, ಬೇರೆ ಬೇರೆ ಭವಿಷ್ಯ.

ಹಾಗಾದರೆ ಮೂಳೆ ಬಲಿತಿದೆಯೆ ಇಲ್ಲವೆ ಎಂಬುದನ್ನು ತಿಳಿಯುವುದು ಹೇಗೆ? ವಯಸ್ಸು ಸಾಲದು; ಹನ್ನೆರಡು ವರ್ಷದ ಇಬ್ಬರು ಹುಡುಗಿಯರಲ್ಲಿ ಒಬ್ಬಳು ಬೆಳೆದು ಮುಗಿಯುತ್ತ ಬಂದಿರಬಹುದು, ಇನ್ನೊಬ್ಬಳು ಇನ್ನೂ ಮೊದಲುಮಾಡಿರದಿರಬಹುದು. ಜೋಸೆಫ್ ರಿಸ್ಸರ್ ೧೯೫೮ರಲ್ಲಿ ಸೂಚಿಸಿದ ಗುರುತು ಬಹುಕಾಲದಿಂದ ರೂಢಿಯಲ್ಲಿದೆ. ಸೊಂಟದ ಮೂಳೆಯ ಅಂಚಿನಲ್ಲಿ ಮೂಡುವ ಹೊಸ ಮೂಳೆಯ ಪಟ್ಟಿಯನ್ನು ನೋಡಿ ಸೊನ್ನೆಯಿಂದ ಐದರವರೆಗೆ ಅಂಕ ಕೊಡುವುದು ಆ ಕ್ರಮ. ಅದೇ ಚಿತ್ರದಲ್ಲಿ ಅದೂ ಕಾಣುವುದರಿಂದ ಅನುಕೂಲ ಬಹಳ. ಆದರೆ ಅದರಲ್ಲೊಂದು ದೊಡ್ಡ ಕೊರತೆಯಿದೆ. ಹುಡುಗಿಯರ ಎತ್ತರ ಅತಿವೇಗವಾಗಿ ಬೆಳೆಯುವುದು ಋತುಮತಿಯಾಗುವುದಕ್ಕೆ ಸುಮಾರು ಆರು ತಿಂಗಳಿಂದ ಒಂದು ವರ್ಷದಷ್ಟು ಮುಂಚೆ. ಬಾಗು ಅತಿವೇಗವಾಗಿ ಹೆಚ್ಚುವುದೂ ಆಗಲೇ. ಆ ಅವಧಿಯುದ್ದಕ್ಕೂ ರಿಸ್ಸರನ ಅಂಕ ಸೊನ್ನೆಯಾಗಿಯೇ ಉಳಿದಿರುತ್ತದೆ! ನಮಗೆ ಸೂಚನೆ ಬಹಳವಾಗಿ ಬೇಕಾದ ಕಾಲದಲ್ಲಿಯೇ ಸೂಚಕ ಮೌನವಾಗಿರುತ್ತದೆ. ಈ ಕೊರತೆಯನ್ನು ನೀಗಲು ಸ್ಯಾಂಡರ್ಸ್ ಮತ್ತು ಸಂಗಡಿಗರು ೨೦೦೮ರಲ್ಲಿ ಕೈಬೆರಳುಗಳ ಮೂಳೆಗಳ ಬೆಳವಣಿಗೆಯ ಫಲಕಗಳನ್ನು ನೋಡಿ ಎಂಟು ಹಂತಗಳನ್ನು ಗುರುತಿಸುವ ಸರಳ ಕ್ರಮವೊಂದನ್ನು ಕೊಟ್ಟರು. ಎಡಗೈಯ ಒಂದು ಚಿತ್ರ ಸಾಕು. ಜಿಲ್ಲಾ ಆಸ್ಪತ್ರೆಯಲ್ಲಿಯೂ ತೆಗೆಸಬಹುದಾದುದು. ಅದರ ಬಳಕೆ ಇನ್ನೂ ವ್ಯಾಪಕವಾಗಬೇಕೆಂಬುದು ನಮ್ಮ ಅಭಿಪ್ರಾಯ. ಇದರೊಡನೆ ತಾಯಿಯನ್ನು ಕೇಳಬೇಕಾದ ಒಂದು ಪ್ರಶ್ನೆಯಿದೆ: ಹುಡುಗಿ ಮೈನೆರೆದು ಎಷ್ಟು ತಿಂಗಳಾಯಿತು? ಎರಡು ವರ್ಷ ಕಳೆದಿದ್ದರೆ ಬೆಳವಣಿಗೆ ಬಹುಮಟ್ಟಿಗೆ ಮುಗಿದಂತೆ. ಸಂಕೋಚದಿಂದ ಈ ಪ್ರಶ್ನೆಯನ್ನು ಕೇಳದೆ ಬಿಡುವುದು ನಮ್ಮಲ್ಲಿ ಅಪರೂಪವಲ್ಲ.

ಐವತ್ತು ಡಿಗ್ರಿಯ ಗಡಿ ಬಂದುದು ಇನ್ನೊಂದು ದಿಕ್ಕಿನಿಂದ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದಲ್ಲಿ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳದ ರೋಗಿಗಳನ್ನು ದಶಕಗಳ ಕಾಲ ಬಿಡದೆ ಅನುಸರಿಸಿ ನೋಡಿದ ವೈದ್ಯಪರಂಪರೆಯೊಂದಿದೆ. ವೈನ್‌ಸ್ಟೈನ್ ಮತ್ತು ಪಾನ್‌ಸೆಟಿ ೧೯೮೩ರಲ್ಲಿ ಪ್ರಕಟಿಸಿದ ಸರಾಸರಿ ನಾಲ್ವತ್ತು ವರ್ಷಗಳ ಅವಲೋಕನದ ಪ್ರಕಾರ, ಬೆಳವಣಿಗೆ ಮುಗಿದಾಗ ೩೦ ಡಿಗ್ರಿಗಿಂತ ಕಡಿಮೆಯಿದ್ದ ಬಾಗುಗಳು ಮುಂದೆ ಹೆಚ್ಚಲಿಲ್ಲ. ಎದೆಯ ಭಾಗದಲ್ಲಿ ೫೦ರಿಂದ ೭೫ ಡಿಗ್ರಿ ಇದ್ದವು ವರ್ಷಕ್ಕೆ ಮುಕ್ಕಾಲರಿಂದ ಒಂದು ಡಿಗ್ರಿಯಂತೆ ಹೆಚ್ಚುತ್ತಲೇ ಹೋದುವು. ಹದಿನಾರರಲ್ಲಿ ೫೫ ಇದ್ದುದು ಐವತ್ತರ ವಯಸ್ಸಿಗೆ ೮೦ನ್ನು ಮೀರಬಹುದು ಎಂಬ ಲೆಕ್ಕ ಇದರಿಂದ ಬಂತು. ಅದೇ ಪರಂಪರೆಯ ಐವತ್ತು ವರ್ಷಗಳ ಫಲಿತಾಂಶ ೨೦೦೩ರಲ್ಲಿ ಪ್ರಕಟವಾಯಿತು. ಚಿಕಿತ್ಸೆ ಪಡೆಯದ ೧೧೭ ಮಂದಿಯನ್ನು ಬಾಗಿಲ್ಲದ ೬೨ ಮಂದಿಯೊಡನೆ ಹೋಲಿಸಿದಾಗ, ಆಯುಸ್ಸಿನಲ್ಲಿ ಗಣನೀಯ ವ್ಯತ್ಯಾಸವಿರಲಿಲ್ಲ. ದೀರ್ಘಕಾಲದ ಬೆನ್ನುನೋವು ಬಾಗಿದ್ದವರಲ್ಲಿ ನೂರಕ್ಕೆ ೬೧, ಇಲ್ಲದವರಲ್ಲಿ ೩೫. ಆದರೆ ನೋವಿದ್ದವರಲ್ಲಿ ಹೆಚ್ಚುಮಂದಿಗೆ ಅದು ಸಹಿಸಬಹುದಾದಷ್ಟೇ ಇತ್ತು. ಏದುಸಿರಿನ ಸಂಭವ ಹೆಚ್ಚಿದುದು ಎದೆಯ ಬಾಗು ೮೦ ಡಿಗ್ರಿ ಮೀರಿದವರಲ್ಲಿ. ಅವರು ಮದುವೆಯಾಗಿ ಮಕ್ಕಳನ್ನು ಹೆತ್ತು ಉದ್ಯೋಗ ಮಾಡಿ ಬಾಳಿದವರು. ಆದರೆ ತಮ್ಮ ದೇಹದ ಆಕಾರದ ಬಗ್ಗೆ ಅತೃಪ್ತಿ ಅವರಲ್ಲಿ ಹೆಚ್ಚಾಗಿತ್ತು ಎಂಬುದನ್ನೂ ಮರೆಯಬಾರದು.

ಆದುದರಿಂದ ಹದಿಹರೆಯದವರಲ್ಲಿ ಶಸ್ತ್ರಚಿಕಿತ್ಸೆ ಇಂದಿನ ಸಂಕಟವನ್ನು ನೀಗುವುದಕ್ಕಿಂತ ಹೆಚ್ಚಾಗಿ, ಮೂವತ್ತು ನಾಲ್ವತ್ತು ವರ್ಷಗಳ ಅನಂತರ ಬರಬಹುದಾದುದನ್ನು ತಡೆಯುವುದಕ್ಕಾಗಿ ಮಾಡುವ ಕಾರ್ಯ. ಶಸ್ತ್ರಚಿಕಿತ್ಸೆ ಮಾಡಿದವರನ್ನೂ ಮಾಡದವರನ್ನೂ ಚೀಟಿಯೆತ್ತಿ ವಿಂಗಡಿಸಿ ಹೋಲಿಸಿದ ಒಂದೇ ಒಂದು ಪರೀಕ್ಷೆಯೂ, ೨೦೧೫ರಲ್ಲಿ ಕಾಕ್ರೇನ್ ಸಂಸ್ಥೆಯ ಸಮೀಕ್ಷಕರು ಹುಡುಕಿದಾಗ, ದೊರೆಯಲಿಲ್ಲ. ಇದರಿಂದ ಶಸ್ತ್ರಚಿಕಿತ್ಸೆ ನಿಷ್ಪ್ರಯೋಜಕವೆಂದು ಅರ್ಥವಲ್ಲ. ಬಾಗು ತಿದ್ದುವುದೂ ತಿದ್ದಿದುದು ಬಹುಮಟ್ಟಿಗೆ ನಿಲ್ಲುವುದೂ ನಿಸ್ಸಂದೇಹ. ಆದರೆ ತಂದೆತಾಯಿಗಳ ಮುಂದೆ ‘ಮಾಡಿಸದಿದ್ದರೆ ಮಗು ಉಳಿಯುವುದಿಲ್ಲ’ ಎಂಬ ಧಾಟಿಯಲ್ಲಿ ಮಾತನಾಡಲು ಹದಿಹರೆಯದ ಬಾಗಿನಲ್ಲಿ ಆಧಾರವಿಲ್ಲ.

ಶಸ್ತ್ರಚಿಕಿತ್ಸೆಯವರೆಗೆ ಹೋಗದಂತೆ ತಡೆಯುವ ಸಾಧನ ಕವಚ. ಅದು ಕೆಲಸ ಮಾಡುತ್ತದೆಯೆ ಎಂಬ ವಿವಾದ ಬಹಳ ಕಾಲ ನಡೆಯಿತು. ಅಮೆರಿಕ ಮತ್ತು ಕೆನಡಾಗಳ ೨೫ ಕೇಂದ್ರಗಳಲ್ಲಿ ನಡೆದು ೨೦೧೩ರಲ್ಲಿ ಪ್ರಕಟವಾದ ಪರೀಕ್ಷೆ ಅದನ್ನು ಬಗೆಹರಿಸಿತೆನ್ನಬಹುದು. ಹತ್ತರಿಂದ ಹದಿನೈದು ವರ್ಷದ, ಮೂಳೆ ಬಲಿಯದ, ೨೦ರಿಂದ ೪೦ ಡಿಗ್ರಿ ಬಾಗಿನ ೨೪೨ ಮಕ್ಕಳಲ್ಲಿ, ಕವಚ ತೊಟ್ಟವರ ಪೈಕಿ ನೂರಕ್ಕೆ ೭೨ ಮಂದಿ ಐವತ್ತನ್ನು ಮುಟ್ಟದೆ ಬೆಳೆದು ಮುಗಿಸಿದರು. ಕೇವಲ ನೋಡುತ್ತಿದ್ದವರಲ್ಲಿ ೪೮ ಮಂದಿ. ವ್ಯತ್ಯಾಸ ಸ್ಪಷ್ಟವಾದುದರಿಂದ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿದರು. ಇಲ್ಲಿ ಎರಡು ಸಂಗತಿಗಳನ್ನು ವಾಚಕರು ಗಮನಿಸಬೇಕು. ಕವಚವಿಲ್ಲದೆಯೂ ಸುಮಾರು ಅರ್ಧದಷ್ಟು ಮಕ್ಕಳು ಪಾರಾದರು. ಎರಡನೆಯದಾಗಿ, ಫಲ ತೊಟ್ಟ ಗಂಟೆಗಳನ್ನು ಅವಲಂಬಿಸಿತ್ತು. ಕವಚದೊಳಗೆ ಶಾಖವನ್ನು ಗುರುತಿಸುವ ಪುಟ್ಟ ಸಾಧನವಿಟ್ಟು ಲೆಕ್ಕ ಹಾಕಿದಾಗ, ದಿನಕ್ಕೆ ಸುಮಾರು ಹದಿಮೂರು ಗಂಟೆಗಳಿಗೆ ಮೇಲ್ಪಟ್ಟು ತೊಟ್ಟವರಲ್ಲಿ ನೂರಕ್ಕೆ ತೊಂಬತ್ತು ಅಥವಾ ಅದಕ್ಕೂ ಹೆಚ್ಚು ಮಂದಿ ಪಾರಾದರು. ಆರು ಗಂಟೆಗಿಂತ ಕಡಿಮೆ ತೊಟ್ಟವರ ಗತಿ ತೊಡದವರ ಗತಿಗಿಂತ ಮೇಲಾಗಿರಲಿಲ್ಲ.

ಆ ಪರೀಕ್ಷೆ ನಡೆದುದು ತಂಪು ನಾಡಿನಲ್ಲಿ. ಕಲಬುರಗಿಯ ಅಥವಾ ರಾಯಚೂರಿನ ಬೇಸಗೆಯಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಕವಚ ತೊಟ್ಟು ಶಾಲೆಗೆ ನಡೆದುಹೋಗುವುದು ಬೇರೆಯೇ ಮಾತು. ಅಲ್ಲಿ ವೈದ್ಯರು ಬರೆದುಕೊಟ್ಟುದು ದಿನಕ್ಕೆ ಕನಿಷ್ಠ ಹದಿನೆಂಟು ಗಂಟೆ. ಆದರೆ ಸಂಜೆ ಆರರಿಂದ ಬೆಳಗಿನ ಏಳರವರೆಗೆ ಹದಿಮೂರು ಗಂಟೆಗಳಾಗುತ್ತವೆ. ಸಹಪಾಠಿಗಳ ಕಣ್ಣಿಗೆ ಬೀಳದೆ, ಬಿಸಿಲ ಹೊತ್ತನ್ನು ಬಿಟ್ಟು, ಮನೆಯಲ್ಲಿಯೇ ಈ ಗಂಟೆಗಳನ್ನು ಬಹುಮಟ್ಟಿಗೆ ತುಂಬಿಸಬಹುದು. ಹದಿನೆಂಟು ಗಂಟೆ ಬರೆದುಕೊಟ್ಟು ಮಗು ಒಂದು ತಿಂಗಳಲ್ಲಿ ಕವಚವನ್ನು ಅಟ್ಟಕ್ಕೆಸೆಯುವುದಕ್ಕಿಂತ, ಹದಿಮೂರು ಗಂಟೆಗೆ ಅದರ ಒಪ್ಪಿಗೆ ಪಡೆಯುವುದು ಉತ್ತಮವೆಂದು ನಮಗೆ ತೋರುತ್ತದೆ.

ಶಸ್ತ್ರಚಿಕಿತ್ಸೆಯ ಇತಿಹಾಸವನ್ನು ವಿಸ್ತರಿಸುವ ಅಗತ್ಯವಿಲ್ಲ. ಭಾಗವತದ ತ್ರಿವಕ್ರೆಯ ಕಥೆಯಲ್ಲಿ ಶ್ರೀಕೃಷ್ಣನು ಅವಳ ಪಾದಗಳನ್ನು ತನ್ನ ಪಾದಗಳಿಂದ ಒತ್ತಿ ಹಿಡಿದು, ಗಲ್ಲದ ಕೆಳಗೆ ಎರಡು ಬೆರಳಿಟ್ಟು ಮೇಲಕ್ಕೆತ್ತಿದೊಡನೆ ಆಕೆ ನೆಟ್ಟಗಾಗುತ್ತಾಳೆ. ಕೆಳಗೆ ಬಿಗಿಹಿಡಿದು ಮೇಲಕ್ಕೆ ಸೆಳೆಯುವ ಇದೇ ತತ್ತ್ವವನ್ನು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಪೋಲಿಯೊ ಪೀಡಿತ ಮಕ್ಕಳಿಗೆ ಚಿಕಿತ್ಸೆ ಮಾಡುತ್ತಿದ್ದ ಪಾಲ್ ಹ್ಯಾರಿಂಗ್ಟನ್ ಉಕ್ಕಿನ ಸರಳು ಮತ್ತು ಕೊಕ್ಕೆಗಳಿಂದ ಸಾಧಿಸಿ ೧೯೬೨ರಲ್ಲಿ ಪ್ರಕಟಿಸಿದನು. ಅದಕ್ಕೆ ಮೊದಲು, ನ್ಯೂಯಾರ್ಕಿನ ರಸೆಲ್ ಹಿಬ್ಸ್ ೧೯೧೧ರಲ್ಲಿ ಕ್ಷಯದ ಬೆನ್ನೆಲುಬಿಗಾಗಿ ವರ್ಣಿಸಿದ ಮೂಳೆಬೆಸುಗೆಯನ್ನೇ ಪಾರ್ಶ್ವವಕ್ರತೆಗೂ ಬಳಸಿ, ಮಕ್ಕಳನ್ನು ತಿಂಗಳುಗಟ್ಟಲೆ ಪ್ಲಾಸ್ಟರಿನ ಕಟ್ಟಿನಲ್ಲಿ ಮಲಗಿಸುತ್ತಿದ್ದರು. ಅಮೆರಿಕದ ಮೂಳೆವೈದ್ಯರ ಸಂಘದ ಸಮಿತಿ ೧೯೪೧ರಲ್ಲಿ ೪೨೫ ರೋಗಿಗಳನ್ನು ಪರಿಶೀಲಿಸಿದಾಗ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮಂದಿಯಲ್ಲಿ ಫಲ ಸಾಧಾರಣ ಅಥವಾ ಕಳಪೆಯೆಂದು ಕಂಡುಬಂದಿತು. ಈಗ ಪ್ರತಿ ಕಶೇರುಮಣಿಗೂ ತಿರುಪುಮೊಳೆ ಹೊಗಿಸಿ, ಎರಡು ಸರಳುಗಳಿಗೆ ಜೋಡಿಸಿ, ತಿರುಚನ್ನೂ ಸ್ವಲ್ಪಮಟ್ಟಿಗೆ ಬಿಡಿಸಬಹುದಾಗಿದೆ. ಮಗು ಕೆಲವೇ ದಿನಗಳಲ್ಲಿ ಎದ್ದು ನಡೆಯುತ್ತದೆ. ಆದರೆ ಸರಳು ಯಾವುದಾದರೇನು, ಕೊನೆಯಲ್ಲಿ ಬೆನ್ನನ್ನು ಹಿಡಿದಿಡುವುದು ಬೆಸೆದುಕೊಂಡ ಮೂಳೆಯೇ. ತ್ರಿವಕ್ರೆಯ ಬೆನ್ನು ನೆಟ್ಟಗಾದ ಮೇಲೆಯೂ ಬಳುಕುತ್ತಿತ್ತು. ಬೆಸೆದ ಭಾಗ ಮತ್ತೆ ಬಳುಕದು.

ಈ ನಷ್ಟ ಎಲ್ಲೆಲ್ಲಿಯೂ ಒಂದೇ ತೆರನಲ್ಲ. ಎದೆಯ ಭಾಗದ ಬೆನ್ನು ಪಕ್ಕೆಲುಬುಗಳ ದೆಸೆಯಿಂದ ಸ್ವಭಾವತಃ ಹೆಚ್ಚು ಚಲಿಸುವುದಿಲ್ಲ. ಅದನ್ನು ಬೆಸೆದರೆ ದಿನಬಳಕೆಯಲ್ಲಿ ಹೆಚ್ಚು ತೊಂದರೆ ಕಾಣದು. ಬೆಸುಗೆ ಸೊಂಟದ ಕಡೆಗೆ ಒಂದೊಂದು ಮಣಿ ಇಳಿದಂತೆಲ್ಲ ಬಗ್ಗುವ ಶಕ್ತಿ ಕುಂದುತ್ತದೆ. ಕೆಳಗೆ ಉಳಿದ ಕೆಲವೇ ಕೀಲುಗಳ ಮೇಲೆ ಹೊರೆ ಹೆಚ್ಚುತ್ತದೆ. ಬಗ್ಗಿ ರಂಗೋಲಿಯಿಡುವ, ಗದ್ದೆಯಲ್ಲಿ ನಾಟಿ ಮಾಡುವ, ಭರತನಾಟ್ಯ ಕಲಿಯುವ ಹುಡುಗಿಗೆ ಒಂದೆರಡು ಮಣಿಗಳ ವ್ಯತ್ಯಾಸ ಸಣ್ಣದಲ್ಲ. ಎಲ್ಲಿಂದ ಎಲ್ಲಿಯವರೆಗೆ ಬೆಸೆಯಬೇಕೆಂಬುದಕ್ಕೆ ಲೆಂಕೆ ೨೦೦೧ರಲ್ಲಿ ಕೊಟ್ಟ ವರ್ಗೀಕರಣ ಸಹಾಯಕ. ಕುಟುಂಬದವರು ‘ಆಪರೇಷನ್ ಬೇಕೆ’ ಎಂದು ಕೇಳುವುದರೊಡನೆ ‘ಯಾವ ಮಣಿಯವರೆಗೆ’ ಎಂದೂ ಕೇಳಬೇಕು. ಅಪಾಯಗಳ ವಿಷಯ: ಆರೋಗ್ಯವಂತ ಹದಿಹರೆಯದವರಲ್ಲಿ ಬೆನ್ನುಹುರಿಗೋ ನರಗಳಿಗೋ ಪೆಟ್ಟಾಗುವುದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹಿಂದೆ ಶಸ್ತ್ರಚಿಕಿತ್ಸೆಯ ನಡುವೆ ಮಗುವನ್ನು ಎಚ್ಚರಿಸಿ ಕಾಲು ಆಡಿಸುವಂತೆ ಹೇಳಿ ಪರೀಕ್ಷಿಸುತ್ತಿದ್ದರು. ಈಗ ನರಗಳ ವಿದ್ಯುತ್ಸಂಕೇತಗಳನ್ನು ಯಂತ್ರಗಳು ಉದ್ದಕ್ಕೂ ಗಮನಿಸುತ್ತವೆ. ಸೋಂಕು, ಬೆಸುಗೆ ಕೂಡದೆ ಸರಳು ಮುರಿಯುವುದು, ಮುಂದೆ ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಕಾಗುವುದು ಇವೂ ಉಂಟು. ಅಪಾಯ ವಿರಳವೆಂಬುದು ನಿಜ. ಆದರೆ ಆ ವಿರಳಸಂಭವ ನೋವಿಲ್ಲದೆ ಓಡಾಡುತ್ತಿರುವ ಮಗುವಿಗೆ ಎದುರಾಗುತ್ತದೆ ಎಂಬುದೂ ನಿಜ.

ಇಷ್ಟು ಹೇಳಿದುದೆಲ್ಲ ಹತ್ತು ವರ್ಷ ದಾಟಿದವರಿಗೆ. ಮೂರು ವರ್ಷದ ಅಥವಾ ಐದು ವರ್ಷದ ಮಗುವಿನಲ್ಲಿ ವಾದ ಪೂರ್ತಿಯಾಗಿ ತಲೆಕೆಳಗಾಗುತ್ತದೆ. ಶ್ವಾಸಕೋಶದ ವಾಯುಕೋಶಗಳು ಹುಟ್ಟಿದ ಮೇಲೂ ಹಲವು ವರ್ಷ ಹೆಚ್ಚುತ್ತಿರುತ್ತವೆ. ಅವುಗಳಿಗೆ ಎಡೆ ಬೇಕಾದರೆ ಎದೆಗೂಡು ಬೆಳೆಯಬೇಕು. ಫ್ರಾನ್ಸಿನ ಡಿಮೆಗ್ಲಿಯೊ ಕೊಟ್ಟ ಅಳತೆಗಳ ಪ್ರಕಾರ ಬೆನ್ನೆಲುಬಿನ ಎದೆಯ ಭಾಗ ಹುಟ್ಟುವಾಗ ಸುಮಾರು ೧೧ ಸೆಂಟಿಮೀಟರು, ಐದನೆಯ ವಯಸ್ಸಿನಲ್ಲಿ ೧೮, ಪೂರ್ತಿ ಬೆಳೆದಾಗ ಹೆಂಗಸರಲ್ಲಿ ಸುಮಾರು ೨೬, ಗಂಡಸರಲ್ಲಿ ೨೮. ಐದು ವರ್ಷದ ಮಗುವಿನ ಎದೆಯ ಬೆನ್ನನ್ನು ಉದ್ದಕ್ಕೂ ಬೆಸೆದರೆ ಅದು ೧೮ರ ಹತ್ತಿರವೇ ನಿಲ್ಲುತ್ತದೆ. ಒಂಬತ್ತು ವರ್ಷಕ್ಕೆ ಮೊದಲೇ ಬೆಸುಗೆಯಾದ ಮಕ್ಕಳನ್ನು ಕುರಿತು ಅಮೆರಿಕದ ಕ್ಯಾರಲ್ ಮತ್ತು ಸಂಗಡಿಗರು ೨೦೦೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎದೆಯ ಎತ್ತರ ಅಷ್ಟಕ್ಕೇ ನಿಂತವರ ಪೈಕಿ ಹೆಚ್ಚಿನವರ ಉಸಿರಿನ ಪ್ರಮಾಣ ಇರಬೇಕಾದುದರ ಅರ್ಧಕ್ಕೂ ಕಡಿಮೆಯಿತ್ತು. ಬೆನ್ನು ನೆಟ್ಟಗಾಗಿ ಉಸಿರು ಕುಗ್ಗಿದ ಈ ಮಕ್ಕಳು ‘ಬೇಗ ಬೆಸೆದಷ್ಟೂ ಲೇಸು’ ಎಂಬ ಹಿಂದಿನ ಬೋಧೆಯ ಫಲ. ಮೇಲಾಗಿ, ಹಿಂಭಾಗವನ್ನು ಮಾತ್ರ ಬೆಸೆದಾಗ ಮುಂಭಾಗ ಬೆಳೆಯುತ್ತಲೇ ಇದ್ದು ಬೆನ್ನು ಮತ್ತೆ ತಿರುಚಿಕೊಳ್ಳುವುದನ್ನು ಡುಬುಸೆ ೧೯೮೯ರಲ್ಲಿ ವರ್ಣಿಸಿದನು.

ಆದುದರಿಂದ ಎಳೆಯ ಮಕ್ಕಳಲ್ಲಿ ಶಸ್ತ್ರಚಿಕಿತ್ಸೆಯ ನಿರ್ಣಯವೆಂದರೆ ಮುಖ್ಯವಾಗಿ ಬೆಸುಗೆಯನ್ನು ಮುಂದೂಡುವ ಉಪಾಯಗಳ ನಿರ್ಣಯ. ಇಂಗ್ಲೆಂಡಿನಲ್ಲಿ ಕೆಲಸ ಮಾಡಿದ ಮಿನ್ ಮೆಹ್ತಾ ಅವರ ಕೊಡುಗೆ ಇಲ್ಲಿ ಸ್ಮರಣೀಯ. ಶೈಶವದ ಬಾಗುಗಳಲ್ಲಿ ಹಲವು ತಾವಾಗಿಯೇ ಸರಿಹೋಗುತ್ತವೆ, ಕೆಲವು ಭೀಕರವಾಗಿ ಬೆಳೆಯುತ್ತವೆ. ಬಾಗಿನ ನಡುಮಣಿಯಲ್ಲಿ ಎರಡು ಪಕ್ಕದ ಪಕ್ಕೆಲುಬುಗಳು ಮಾಡುವ ಕೋನಗಳ ವ್ಯತ್ಯಾಸ ೨೦ ಡಿಗ್ರಿ ಮೀರಿದರೆ ಅದು ಬೆಳೆಯುವ ಜಾತಿಯದಾಗಿರುವ ಸಂಭವ ಹೆಚ್ಚೆಂದು ಆಕೆ ೧೯೭೨ರಲ್ಲಿ ತೋರಿಸಿದರು. ಅಂಥ ಮಕ್ಕಳಿಗೆ ಕೆಲವು ತಿಂಗಳಿಗೊಮ್ಮೆ ಪ್ಲಾಸ್ಟರಿನ ಕಟ್ಟು ಬದಲಾಯಿಸುತ್ತ ಬಂದು, ೧೩೬ ಮಕ್ಕಳ ಫಲಿತಾಂಶವನ್ನು ೨೦೦೫ರಲ್ಲಿ ಪ್ರಕಟಿಸಿದರು. ಸರಾಸರಿ ಒಂದು ವರ್ಷ ಏಳು ತಿಂಗಳಿಗೆ ಬಂದ ೯೪ ಮಕ್ಕಳ ಬೆನ್ನು ನೆಟ್ಟಗಾಯಿತು. ಸರಾಸರಿ ಎರಡೂವರೆ ವರ್ಷಕ್ಕೆ ಬಂದ ೪೨ ಮಕ್ಕಳಲ್ಲಿ ಬಾಗು ತಗ್ಗಿತೇ ಹೊರತು ಹೋಗಲಿಲ್ಲ. ಹನ್ನೊಂದು ತಿಂಗಳ ಅಂತರ! ಹದಿಹರೆಯದಲ್ಲಿ ಬಾಗನ್ನು ಹೆಚ್ಚಿಸುವ ಬೆಳವಣಿಗೆಯೇ ಇಲ್ಲಿ, ಹಿಡಿತದಲ್ಲಿಟ್ಟಾಗ, ಬಾಗನ್ನು ತಿದ್ದುವ ಕೈಯಾಗುತ್ತದೆ. ಪ್ಲಾಸ್ಟರಿನಿಂದ ಸಾಗದಾದಾಗ ಉದ್ದವಾಗುವ ಸರಳುಗಳನ್ನು ಹಾಕುತ್ತಾರೆ. ಹಳೆಯ ಬಗೆಯಲ್ಲಿ ಆರು ತಿಂಗಳಿಗೊಮ್ಮೆ ಮತ್ತೆ ಶಸ್ತ್ರಕ್ರಿಯೆ ಮಾಡಿ ಸರಳನ್ನು ಉದ್ದಗೊಳಿಸಬೇಕು; ಹೊರಗಿನಿಂದ ಅಯಸ್ಕಾಂತದಿಂದ ಉದ್ದಗೊಳಿಸುವ ಬಗೆ ಅನಂತರ ಬಂತು. ಅದರಲ್ಲಿ ಲೋಹ ಸವೆದು ಸುತ್ತಲ ಮಾಂಸಕ್ಕೆ ಸೇರುವ ತೊಂದರೆ ಕಂಡುಬಂದಿದೆ. ಪ್ರತಿಯೊಂದು ಉಪಾಯಕ್ಕೂ ತನ್ನದೇ ಆದ ಬೆಲೆಯುಂಟು.

ಹುಟ್ಟಿನಿಂದ ಬಂದ ಬಾಗಿನಲ್ಲಿ ಮಾತ್ರ ಕೆಲವೊಮ್ಮೆ ಎರಡು ಮೂರು ವರ್ಷಕ್ಕೇ ಕತ್ತಿಯೆತ್ತಬೇಕಾಗುತ್ತದೆ. ಒಂದು ಪಕ್ಕದಲ್ಲಿ ಮಣಿಗಳು ಒಂದಕ್ಕೊಂದು ಅಂಟಿಕೊಂಡು ಇನ್ನೊಂದು ಪಕ್ಕದಲ್ಲಿ ಅರ್ಧಮಣಿ ಬೆಳೆಯುತ್ತಿದ್ದರೆ ಬಾಗು ವರ್ಷಕ್ಕೆ ಐದು ಹತ್ತು ಡಿಗ್ರಿ ಹೆಚ್ಚುವುದು ಬಹುಮಟ್ಟಿಗೆ ನಿಶ್ಚಿತ. ಅಲ್ಲಿ ಚಿಕ್ಕದೊಂದು ಭಾಗವನ್ನು ಬೇಗ ಬೆಸೆಯುವುದು ಅಥವಾ ಅರ್ಧಮಣಿಯನ್ನು ತೆಗೆಯುವುದು ಉಳಿದ ಬೆನ್ನನ್ನು ಕಾಪಾಡುತ್ತದೆ. ಈ ಮಕ್ಕಳ ಹೃದಯ, ಮೂತ್ರಪಿಂಡ, ಬೆನ್ನುಹುರಿಗಳನ್ನು ಮೊದಲೇ ಪರೀಕ್ಷಿಸುವುದು ಅವಶ್ಯ. ನರ ಮತ್ತು ಸ್ನಾಯುಗಳ ರೋಗಗಳಲ್ಲಿ ಗುರಿಯೇ ಬೇರೆ: ಮಗು ಕುರ್ಚಿಯಲ್ಲಿ ಸಮನಾಗಿ ಕೂರುವುದು, ಕೈಗಳನ್ನು ಊರುಗೋಲಾಗಿಸದೆ ಕೆಲಸಕ್ಕೆ ಬಳಸುವುದು, ತಾಯಿ ಅದನ್ನು ಎತ್ತಿ ಮೀಯಿಸುವುದು ಸುಲಭವಾಗುವುದು. ಡುಷೆನ್ ರೋಗದಲ್ಲಿ ಉಸಿರಿನ ಶಕ್ತಿ ಕುಂದುವ ಮೊದಲೇ ನಿರ್ಣಯ ಆಗಬೇಕು. ಸ್ಟಿರಾಯ್ಡ್ ಔಷಧಗಳ ಬಳಕೆಯಿಂದ ಅದರ ಅಗತ್ಯವೇ ಈಗ ಬಹಳ ಕಡಿಮೆಯಾಗಿದೆ.

ಬೆಸೆಯದೆ, ಬಾಗಿನ ಹೊರಬದಿಗೆ ಹುರಿಯೊಂದನ್ನು ಬಿಗಿದು ಬೆಳವಣಿಗೆಯಿಂದಲೇ ಬಾಗನ್ನು ತಿದ್ದುವ ವಿಧಾನಕ್ಕೆ ಅಮೆರಿಕದಲ್ಲಿ ೨೦೧೯ರಲ್ಲಿ ಸೀಮಿತ ಅನುಮತಿ ದೊರೆಯಿತು. ಬಳುಕುವ ಬೆನ್ನು ಉಳಿಯುವುದೆಂಬ ಆಸೆ ಸಹಜ. ಹುರಿ ಕಡಿಯುವುದು, ಮತ್ತೆ ಶಸ್ತ್ರಚಿಕಿತ್ಸೆ ಬೇಕಾಗುವುದು ಬೆಸುಗೆಗಿಂತ ಇದರಲ್ಲಿ ಹೆಚ್ಚು. ಮಗು ಐವತ್ತರ ವಯಸ್ಸಿಗೆ ಬಂದಾಗ ಹೇಗಿರುತ್ತದೆಂಬುದನ್ನು ಹೇಳಬಲ್ಲ ಅಯೋವಾದಂತಹ ಅವಲೋಕನ ಇದಕ್ಕೆ ಇನ್ನೂ ಹುಟ್ಟಬೇಕಾಗಿದೆ.

ನಿರ್ಣಯ ಯಾರದು ಎಂಬ ಪ್ರಶ್ನೆ ಉಳಿಯುತ್ತದೆ. ಹದಿನೆಂಟು ತುಂಬದವರ ಪರವಾಗಿ ತಂದೆತಾಯಿಗಳು ರುಜು ಹಾಕುತ್ತಾರೆ. ನಮ್ಮಲ್ಲಿ ಹುಡುಗಿಯ ವಿಷಯ ಬಂದಾಗ ಮದುವೆಯ ಮಾತು ಹೇಳದೆಯೂ ಕೋಣೆಯಲ್ಲಿರುತ್ತದೆ. ಕೆಲವರು ಅದಕ್ಕಾಗಿ ಬೇಗ ಮಾಡಿಸಿರೆನ್ನುತ್ತಾರೆ. ಬೆನ್ನ ಮೇಲೆ ಗಾಯದ ಗೆರೆ ಉಳಿಯುವುದೆಂದು ಅದಕ್ಕಾಗಿಯೇ ಬೇಡವೆನ್ನುವವರೂ ಉಂಟು. ಬಾಗಿನಿಂದಾಗಲಿ ಬೆಸುಗೆಯಿಂದಾಗಲಿ ತಾಯಿಯಾಗಲು ಸಾಮಾನ್ಯವಾಗಿ ಅಡ್ಡಿಯಿಲ್ಲ ಎಂಬುದನ್ನು ಕೇಳುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹದಿಮೂರು ಹದಿನಾಲ್ಕರ ಹುಡುಗಿ ತನ್ನ ಬೆನ್ನಿನ ಬಗ್ಗೆ ಹಿರಿಯರ ಮುಂದೆ ಬಾಯಿಬಿಡುವುದಿಲ್ಲ. ಅವಳನ್ನು ಬೇರೆಯಾಗಿ ಕೂರಿಸಿ, ಚಿತ್ರ ತೋರಿಸಿ, ಅವಳಿಗೆ ಬೇಕಾದುದೇನೆಂದು ಕೇಳಿ, ಅವಳ ಮಾತಿನಲ್ಲಿಯೇ ಕಡತದಲ್ಲಿ ಬರೆದಿಡಬೇಕು. ಮೂಳೆ ಬಲಿಯದ, ೪೨ ಡಿಗ್ರಿಯ ಹುಡುಗಿಗೆ ‘ಇನ್ನೂ ಐವತ್ತಾಗಿಲ್ಲ, ಮುಂದಿನ ವರ್ಷ ಬನ್ನಿ’ ಎನ್ನುವುದು ನಮ್ಮ ದೃಷ್ಟಿಯಲ್ಲಿ ತಪ್ಪು. ಅವಳನ್ನು ನಾಲ್ಕು ತಿಂಗಳೊಳಗೆ ಮತ್ತೆ ನೋಡಬೇಕು, ಶಸ್ತ್ರಚಿಕಿತ್ಸೆಯ ಮಾತನ್ನು ಆಗಲೇ ಆರಂಭಿಸಬೇಕು. ಬೆಳೆದು ಮುಗಿದ, ೪೮ ಡಿಗ್ರಿಯ ಹದಿನೇಳರ ಹುಡುಗಿಯ ವಿಷಯ ಹಾಗಲ್ಲ. ಅವಳ ಬಾಗು ಮುಂದೆ ಹೆಚ್ಚಿದರೂ ವರ್ಷಕ್ಕೆ ಒಂದು ಡಿಗ್ರಿಯ ಆಸುಪಾಸು. ಅವಳು ಪರೀಕ್ಷೆ ಮುಗಿಸಿ, ಕಾಲೇಜು ಸೇರಿ, ತಾನೇ ಯೋಚಿಸಿ ಹೇಳುವವರೆಗೆ ಕಾಯಬಹುದು. ಬೇಡವೆಂದರೆ ಒಂದು ವರ್ಷಕ್ಕೊಮ್ಮೆ, ಅನಂತರ ಕೆಲವು ವರ್ಷಗಳಿಗೊಮ್ಮೆ ಚಿತ್ರ ತೆಗೆಸಿದರೆ ಸಾಕು. ಆ ಚಿತ್ರಗಳನ್ನು ಆಸ್ಪತ್ರೆಯಲ್ಲಿ ಬಿಡದೆ ಅವಳ ಕೈಗೇ ಕೊಡಬೇಕು. ಅವಳು ಬೇರೆ ಊರಿಗೆ ಹೋಗಿ ನೆಲಸಿದಾಗ, ಅಲ್ಲಿಯ ವೈದ್ಯರಿಗೆ ಹೊಸ ಗೆರೆಯನ್ನು ಹೋಲಿಸಲು ಹಳೆಯ ಗೆರೆ ಬೇಕಾಗುತ್ತದೆ.